ಕಿಟಕಿ ಮೂಲೆಯ ತವರು

ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ದಿನವಿಡೀ ಕೇಳಲು ಇರುವುದು ಒಂದೇ ಪ್ರಶ್ನೆ. ಇದು ಚೆನ್ನಾಗಿ ಕಾಣುತ್ತದೋ, ಇದೋ? ಗಾಜು ಬದಲಿಸುವುದು, ಮತ್ತೆ ಅದನ್ನೇ ಕೇಳುವುದು. ಬಂದವರು ಅಕ್ಷರದ ಬೋರ್ಡನ್ನು ದಿಟ್ಟಿಸಿ, ಎಲ್ಲಿ ಫೇಲಾಗುತ್ತೇವೋ ಎಂಬ ಹೆದರಿಕೆಯಲ್ಲಿ ಉತ್ತರ ಹೇಳುತ್ತಾರೆ. ಊರಿನ ಅರ್ಧ ಜನರಿಂದ ಹೀಗೆ ಉತ್ತರ ಹೇಳಿಸಿದ ನಾನು, ನನ್ನ ಸರದಿ ಬಂದಾಗ ಏನು ಹೇಳಿದೆ ಎನ್ನುವುದು ಈ ಕಥೆ. ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದೇನೂ ಇದರಲ್ಲಿಲ್ಲ. ಆದರೆ ನಾನು ಹೇಳದಿದ್ದರೆ ಬಸ್ಸಿನವನು ಹೇಳುತ್ತಾನೆ, ಅವನು ಹೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ.

ನಮ್ಮ ಅಕ್ಕನದು ಪೂಲ್ ಆಡುವ ಹಾಲ್, ಕೋಲಿನಿಂದ ಚೆಂಡು ತಳ್ಳಿ ಟೇಬಲ್ಲಿನ ಅಂಚಿನ ಪಾಕೆಟ್ಟಿಗೆ ಬೀಳಿಸುವ ಆಟ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆ, ನಡುವೆ ಒಂದೇ ಒಂದು ಟೇಬಲ್, ಗೋಡೆಗೆ ಒರಗಿಸಿದ ಬೆಂಚುಗಳು, ಬಾಗಿಲ ಪಕ್ಕದಲ್ಲಿ ಅಕ್ಕನ ಮೇಜು. ಕಬ್ಬಿಣದ ಮೆಟ್ಟಿಲು ಹತ್ತುವಾಗಲೇ ಹೊಸ ಟೈರಿನ ವಾಸನೆ ಮೂಗಿಗೆ ಅಡರುತ್ತದೆ. ಇದನ್ನು ಶುರು ಮಾಡಿದವರು ನಮ್ಮ ಭಾವ. ಅವರು ತೀರಿಕೊಂಡಾಗ ಅಕ್ಕ ಹಾಲ್ ಮುಚ್ಚುತ್ತಾಳೆ ಎಂದೇ ನೆಂಟರೆಲ್ಲ ಅಂದುಕೊಂಡಿದ್ದರು. ಅವಳು ಬೀಗ ತೆಗೆದು, ಟೇಬಲ್ಲಿನ ಮೇಲಿನ ಧೂಳು ಗುಡಿಸಿ, ಭಾವ ಕೂರುತ್ತಿದ್ದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಳು. ಇವತ್ತಿನವರೆಗೆ ಒಂದು ಸಲವೂ ಕೋಲು ಮುಟ್ಟಿದವಳಲ್ಲ. ಆಟದ ಮಧ್ಯೆ ತಲೆ ಎತ್ತಿದವಳೂ ಅಲ್ಲ. ಆದರೂ ಯಾರು ಯಾರನ್ನು ಸೋಲಿಸಿದರು ಎಂದು ಅವಳನ್ನೇ ಕೇಳಬೇಕು.

ಆ ಟೇಬಲ್ಲಿಗೆ ನಾವು ಅಜ್ಜ ಎಂದು ಹೆಸರಿಟ್ಟಿದ್ದೆವು. ಯಾವ ಕಂಪನಿಯದು ಎಂದು ಹೇಳುವ ಹಿತ್ತಾಳೆ ತಗಡು ಸವೆದು ನುಣ್ಣಗಾಗಿತ್ತು. ಬಟ್ಟೆಯ ಬಣ್ಣ ಹಸಿರೋ ಬೂದಿಯೋ ಎನ್ನುವುದು ಅವರವರ ಕಣ್ಣಿಗೆ ಬಿಟ್ಟದ್ದು. ಅಜ್ಜನಿಗೆ ಒಂದು ಗುಣವಿತ್ತು. ಎಲ್ಲಿಂದ ತಳ್ಳಿದರೂ ಚೆಂಡು ಕೊನೆಯಲ್ಲಿ ಉಸಿರು ಕಳೆದುಕೊಳ್ಳುವಾಗ ಕಿಟಕಿ ಕಡೆಯ ಮೂಲೆಗೆ ಮೆಲ್ಲಗೆ ಹೊರಳುತ್ತಿತ್ತು. ಗಂಡನ ಮನೆಯಲ್ಲಿ ಬೇಸರವಾದ ಹೆಣ್ಣು ಹೊರಡುವ ದಾರಿಯೇ ಅದು ಎಂದು ಯಾರೋ ನಕ್ಕಿದ್ದರು. ಅಂದಿನಿಂದ ಆ ಮೂಲೆಯ ಪಾಕೆಟ್ಟಿಗೆ ತವರು ಎಂದೇ ಹೆಸರು.

ನಗುವವರು ನಗಲಿ, ನನಗೆ ಮಾತ್ರ ಅದು ಟೇಬಲ್ಲಿನ ಗುಣ ಅನ್ನಿಸಲೇ ಇಲ್ಲ. ನನ್ನ ಕೈಯ ಗುಣ ಅನ್ನಿಸಿತ್ತು. ಬಾಗಿಲ ಕಡೆ ನಿಂತು, ತವರಿನ ಬಲಕ್ಕೆ ಒಂದು ಚೆಂಡಿನಷ್ಟು ಜಾಗ ಬಿಟ್ಟು ಗುರಿ ಹಿಡಿದು, ಮೆಲ್ಲಗೆ ತಳ್ಳುತ್ತಿದ್ದೆ. ಚೆಂಡು ಇಡೀ ಉದ್ದವನ್ನು ನೆಟ್ಟಗೆ ಹೋಗಿ, ಇನ್ನೇನು ತಪ್ಪಿತು ಎನ್ನುವಾಗ ಎಡಕ್ಕೆ ಬಾಗಿ ಒಳಗೆ ಬೀಳುತ್ತಿತ್ತು. ಹೊಸಬರು ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚುತ್ತ, ಇದನ್ನೆಲ್ಲ ಹೇಳಿಕೊಟ್ಟರೆ ಬರುವುದಿಲ್ಲ, ಬೆರಳಿನಲ್ಲೇ ಇರಬೇಕು ಎನ್ನುತ್ತಿದ್ದೆ. ಈಗ ಅದು ನೆನಪಾದರೆ ಅಂಗಡಿಯ ಕಪಾಟಿನ ಹಿಂದೆ ಅಡಗಿಕೊಳ್ಳೋಣ ಅನ್ನಿಸುತ್ತದೆ.

ಬೇರೆ ಕಡೆ ಆಡಿದರೆ ಮಾತ್ರ ನಾನು ಮಣ್ಣು ಮುಕ್ಕುತ್ತಿದ್ದೆ. ಅದಕ್ಕೂ ನನ್ನಲ್ಲಿ ಕಾರಣ ಸಿದ್ಧವಿತ್ತು. ಆ ಟೇಬಲ್ಲಿನ ಅಂಚಿನ ರಬ್ಬರು ಸರಿಯಿಲ್ಲ, ಈ ಕಂಪನಿಯವರ ಬಟ್ಟೆ ದಪ್ಪ, ಮತ್ತೊಬ್ಬರದು ಪಾಕೆಟ್ಟಿನ ಬಾಯಿ ಚಿಕ್ಕದು. ಹೀಗೆ ಸೋತ ಊರಿಗೊಂದು ವಿಮರ್ಶೆ ಹೇಳುತ್ತ ಹೇಳುತ್ತ ನನಗೆ ಟೇಬಲ್ ಪಂಡಿತ ಎಂಬ ಹೆಸರು ಬಂತು. ಕೊಟ್ಟವರು ತಮಾಷೆಗೆ ಕೊಟ್ಟರು, ನಾನು ನಿಜ ಎಂದುಕೊಂಡು ಇಟ್ಟುಕೊಂಡೆ. ಮನೆಯಲ್ಲಿ ಕೈ ತಪ್ಪಿ ಕಾಫಿ ಚೆಲ್ಲಿದರೆ ಹೆಂಡತಿ ಬಟ್ಟೆ ತಂದು ಒರೆಸುತ್ತ, ಈ ಲೋಟ ಯಾವ ಕಂಪನಿಯದು ಎಂದು ಕೇಳುತ್ತಿದ್ದಳು.

ಹಾಲ್‌ನಲ್ಲಿ ನನ್ನ ಕಾಯಂ ಎದುರಾಳಿ ಬಸ್ಸಿನವನು. ದೂರದೂರಿಗೆ ಬಸ್ಸು ಹೊಡೆಯುವ ಡ್ರೈವರ್. ಬಸ್ಸು ನಿಂತ ಊರಲ್ಲೆಲ್ಲ ಇಳಿದು, ಸಿಕ್ಕ ಟೇಬಲ್ಲಿನ ಮೇಲೆ ಆಡಿ ಬರುವವನು. ಎಲ್ಲಿ ಹೋದರೂ ಅಷ್ಟೋ ಇಷ್ಟೋ ಗೆಲ್ಲುತ್ತಿದ್ದ, ಅಜ್ಜನ ಮೇಲೆ ಮಾತ್ರ ನನ್ನ ಕೈಲಿ ಸೋಲುತ್ತಿದ್ದ. ನಿನಗೆ ಒಂದು ಟೇಬಲ್ಲಿನ ನಿಷ್ಠೆ ಇಲ್ಲ, ಅದಕ್ಕೇ ಹೀಗೆ ಎಂದು ನಾನು ಅವನ ಬೆನ್ನು ತಟ್ಟುತ್ತಿದ್ದೆ. ಅವನು ಕೋಲನ್ನು ಗೋಡೆಗೆ ಆನಿಸಿ, ಇರಬಹುದು ಎನ್ನುತ್ತಿದ್ದ. ಅವನ ಆ ಇರಬಹುದು ಎಂಬ ಮಾತು ನನಗೆ ಎಂದೂ ಸೇರುತ್ತಿರಲಿಲ್ಲ.

ಹೀಗಿರುವಾಗ ಬಸ್ ನಿಲ್ದಾಣದ ಎದುರು ಹೊಸ ಹಾಲ್ ಬಂತು. ಗಾಜಿನ ಬಾಗಿಲು, ಬಣ್ಣದ ದೀಪ, ಸಾಲಾಗಿ ಹೊಸ ಟೇಬಲ್ಲುಗಳು. ಅಕ್ಕನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ನಾನು, ಬಸ್ಸಿನವನು, ಮಳೆ ನಿಲ್ಲುವ ತನಕ ಎಂದು ಒಳಗೆ ಬಂದವರು, ಇಷ್ಟೇ ಜನ. ಒಂದು ಸಂಜೆ ಅಕ್ಕ ಹೆಣಿಗೆ ಕೆಳಗಿಟ್ಟಳು. ಅವಳು ಹೆಣಿಗೆ ಕೆಳಗಿಟ್ಟರೆ ವಿಷಯ ದೊಡ್ಡದು ಎಂದರ್ಥ. ಅಜ್ಜನನ್ನು ಕಳಿಸಿ ಹೊಸ ಟೇಬಲ್ ತರುವುದಾಗಿ ಹೇಳಿದಳು.

"ಆರಿಸೋದು ನೀನು," ಎಂದಳು. "ಆದ್ರೆ ಒಂದೇ ಸಲ ಕಣೋ. ಬಂದ ಟೇಬಲ್ಲಿಗೆ ಜನ ಬರಲಿಲ್ಲ ಅಂದ್ರೆ ಇನ್ನೊಂದು ತರೋ ಶಕ್ತಿ ನನಗಿಲ್ಲ. ಹಾಲ್ ಮುಚ್ಚಿ ಮಗಳ ಮನೆ ಸೇರ್ಕೋತೀನಿ."

ಮಗಳ ಮನೆಗೆ ಹೋಗಿ ಕೂರುವುದು ಎಂದರೆ ಅಕ್ಕನಿಗೆ ಪ್ರಾಣಸಂಕಟ. ಅದು ನನಗೆ ಗೊತ್ತಿತ್ತು. ಭಾವನ ಕುರ್ಚಿ ಬಿಟ್ಟು ಎಲ್ಲಿ ಕೂತರೂ ಅವಳಿಗೆ ನೆಮ್ಮದಿಯಿರಲಿಲ್ಲ. ಹಾಗಾಗಿ ಹೆದರಬೇಕಿತ್ತು. ನಾನು ಹೆದರಲಿಲ್ಲ, ಹಿಗ್ಗಿದೆ. ಇಷ್ಟು ವರ್ಷ ಬಿಟ್ಟಿಯಾಗಿ ಹಂಚಿದ ಪಾಂಡಿತ್ಯಕ್ಕೆ ಕೊನೆಗೂ ಒಬ್ಬರು ಗಿರಾಕಿ ಸಿಕ್ಕಿದ್ದರು.

ಪೇಟೆಯಲ್ಲಿ ಆಗ ಹೆಸರು ಮಾಡಿದ್ದು ಮೂರು ಕಂಪನಿಗಳು. ಅವುಗಳ ನಿಜವಾದ ಹೆಸರು ಯಾರ ನಾಲಗೆಗೂ ಒಗ್ಗುತ್ತಿರಲಿಲ್ಲ. ತಗಡಿನ ಮೇಲಿದ್ದ ಗುರುತು ನೋಡಿ ಬಾತು, ಲಾಳ, ಲಂಗರು ಎಂದು ಕರೆಯುತ್ತಿದ್ದೆವು. ಮೂರರ ಮೇಲೂ ಆಡಿ ನೋಡಿಯೇ ತೀರ್ಪು ಕೊಡುವುದಾಗಿ ಸಾರಿದೆ. ಬಸ್ಸಿನವನು ರಜೆಯ ದಿನಗಳಲ್ಲಿ ಜೊತೆಗೆ ಬರುತ್ತೇನೆಂದ. ಎದುರಿಗೆ ಆಡಲು ಒಬ್ಬ ಬೇಕಲ್ಲ, ಬರಲಿ ಬಿಡು ಎಂದುಕೊಂಡೆ.

ಮೊದಲು ಬಾತು. ಅದು ಇದ್ದದ್ದು ಕಾಗದದ ಕಾರ್ಖಾನೆಯ ಅಧಿಕಾರಿಗಳ ಕ್ಲಬ್ಬಿನಲ್ಲಿ. ಅಲ್ಲಿನ ಮೇಲ್ವಿಚಾರಕ ನನ್ನ ಗಿರಾಕಿ, ದಪ್ಪ ಗಾಜಿನವನು. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿಗೆ ಒಳಗೆ ಬಿಟ್ಟ. ಬಾತಿನ ಬಟ್ಟೆ ತೆಳ್ಳಗೆ, ಒತ್ತಾಗಿ ನೇಯ್ದದ್ದು. ಚೆಂಡು ಎಣ್ಣೆಯ ಮೇಲೆ ಜಾರಿದ ಹಾಗೆ ಓಡುತ್ತದೆ, ಸ್ವಲ್ಪ ಜೋರಾದರೂ ನಾವು ನಿಲ್ಲಿಸಬೇಕೆಂದ ಜಾಗ ದಾಟಿ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತದೆ. ಅಂಚಿನ ರಬ್ಬರು ಬಲು ಪ್ರಾಮಾಣಿಕ. ಯಾವ ಕೋನದಲ್ಲಿ ಹೋಯಿತೋ ಅದೇ ಕೋನದಲ್ಲಿ ವಾಪಸು. ಪಾಕೆಟ್ಟಿನ ಬಾಯಿ ಬಿಗಿ. ಎರಡು ದವಡೆಗೆ ತಾಗಿ ಗಡಗಡ ಅಂದ ಚೆಂಡನ್ನು ಹೊರಗೇ ನಿಲ್ಲಿಸಿಬಿಡುತ್ತದೆ. ಇಷ್ಟನ್ನೂ ಸರಿಯಾಗಿಯೇ ಗಮನಿಸಿದೆ. ಆಮೇಲೆ ನನ್ನ ಉದ್ದನೆಯ ಹೊಡೆತಕ್ಕೆ ನಿಂತೆ. ಬಲಕ್ಕೆ ಒಂದು ಚೆಂಡಿನಷ್ಟು ಬಿಟ್ಟು ಮೆಲ್ಲಗೆ ತಳ್ಳಿದೆ. ಚೆಂಡು ನೆಟ್ಟಗೆ ಹೋಗಿ ಪಾಕೆಟ್ಟಿನ ಬಲಕ್ಕೆ ಅಂಚಿಗೆ ಬಡಿದು ನಿಂತಿತು. ಇನ್ನೊಮ್ಮೆ ತಳ್ಳಿದೆ, ಅದೇ ಕಥೆ.

ಈ ಟೇಬಲ್ ಬಾಗಿಲ ಕಡೆ ವಾಲಿದೆ ಎಂದೆ. ಮೇಲ್ವಿಚಾರಕ ಮುಖ ಚಿಕ್ಕದು ಮಾಡಿಕೊಂಡು ಒಳಗಿನಿಂದ ಮಟ್ಟ ಅಳೆಯುವ ರಸಮಟ್ಟ ತಂದು ಟೇಬಲ್ಲಿನ ಮೇಲಿಟ್ಟ. ಗುಳ್ಳೆ ಎರಡು ಗೆರೆಯ ಮಧ್ಯೆ ಕಲ್ಲಿನ ಹಾಗೆ ಕೂತಿತು. ತಿರುಗಿಸಿ ಇಟ್ಟ, ಮತ್ತೂ ಮಧ್ಯದಲ್ಲೇ. ನಾನು ಆ ರಸಮಟ್ಟವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿ, ಇದಕ್ಕೂ ವಯಸ್ಸಾಗಿದೆ, ಬದಲಾಯಿಸಿ ಎಂದು ಸಲಹೆ ಕೊಟ್ಟೆ. ಬಸ್ಸಿನವನು ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದ.

ಲಾಳ ಇದ್ದದ್ದು ಶತ್ರುವಿನ ಪಾಳೆಯದಲ್ಲಿ, ಅಂದರೆ ಬಸ್ ನಿಲ್ದಾಣದ ಎದುರಿನ ಹೊಸ ಹಾಲ್‌ನಲ್ಲಿ. ಅಕ್ಕನ ತಮ್ಮ ಅಲ್ಲಿ ಆಡಿದ ಎಂದು ಸುದ್ದಿಯಾಗಬಾರದಲ್ಲ, ಅಂಗಡಿಯ ದೊಡ್ಡ ಕಪ್ಪು ಕನ್ನಡಕವೊಂದನ್ನು ಏರಿಸಿ, ಟೋಪಿ ಇಟ್ಟುಕೊಂಡು ಗಂಭೀರವಾಗಿ ಒಳಗೆ ಹೋದೆ. ಮೊದಲ ಟೇಬಲ್ಲಿನ ಹತ್ತಿರ ನಿಂತಿದ್ದ ಬಸ್ಸಿನವನು, ಬನ್ನಿ ಪಂಡಿತರೇ ಎಂದು ಇಡೀ ಹಾಲ್‌ಗೆ ಕೇಳುವಂತೆ ಕರೆದ. ಕಪ್ಪು ಕನ್ನಡಕದಲ್ಲಿ ನೇರಳೆ ಚೆಂಡೂ ಕಪ್ಪು ಚೆಂಡೂ ಒಂದೇ ಆಗಿ ಕಂಡವು. ಎಲ್ಲಕ್ಕಿಂತ ಕೊನೆಗೆ ಹಾಕಬೇಕಾದ ಕಪ್ಪನ್ನು ಆಟದ ಮೊದಲಲ್ಲೇ ಪಾಕೆಟ್ಟಿಗೆ ಹಾಕಿ ಸೋತೆ. ಕನ್ನಡಕ ಮಾರುವವನೇ ಕನ್ನಡಕದಿಂದ ಸೋತ ಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿದೆ.

ಲಾಳದ ರಬ್ಬರು ಬಹಳ ಚುರುಕು, ಚೆಂಡು ತಾಗಿದರೆ ಸಾಕು ಎಗರಿ ಬರುತ್ತದೆ. ಮೂರು ಅಂಚು ಸುತ್ತಿಸುವ ಹೊಡೆತವೆಲ್ಲ ಅಲ್ಲಿ ಸಲೀಸು. ಪಾಕೆಟ್ಟಿನ ಬಾಯಿಯೂ ಅಗಲ, ಸುಮಾರಾಗಿ ಹೋದ ಚೆಂಡನ್ನೂ ಒಳಗೆ ಕರೆದುಕೊಳ್ಳುತ್ತದೆ. ಸುತ್ತ ಆಡುತ್ತಿದ್ದವರಲ್ಲಿ ನಮ್ಮ ಹಾಲ್‌ನ ಹಳೆಯ ಮುಖಗಳೇ ಹೆಚ್ಚು. ಗೆದ್ದವರು ಸೋತವರ ಭುಜಕ್ಕೆ ಗುದ್ದುತ್ತಿದ್ದರು, ಸೋತವರು ಮತ್ತೆ ಚೆಂಡು ಜೋಡಿಸುತ್ತಿದ್ದರು. ಇಲ್ಲಿ ಯಾರು ಬೇಕಾದರೂ ಗೆಲ್ಲಬಹುದು, ಇದೊಂದು ಟೇಬಲ್ಲೇ ಎಂದು ಮೂಗು ಮುರಿದೆ. ನನ್ನ ಉದ್ದನೆಯ ಹೊಡೆತ ಅಲ್ಲೂ ಬೀಳಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಉಳಿದದ್ದು ಲಂಗರು. ಅದನ್ನು ಊರ ಹೊರಗಿನ ಗೋದಾಮಿನಲ್ಲಿ ಇಟ್ಟಿದ್ದರು. ಮೊದಲು ಅದು ಹಾಲಿನ ಡೈರಿ, ಕ್ಯಾನು ತೊಳೆಯುವ ಕಟ್ಟಡ. ತೊಳೆದ ನೀರು ಹರಿದುಹೋಗಲು ಗೋಡೆಯ ಬುಡದಲ್ಲಿ ಉದ್ದಕ್ಕೂ ಚರಂಡಿಯಿತ್ತು. ಮಾರುವವನು ಒಂದು ಟೇಬಲ್ಲನ್ನು ಜೋಡಿಸಿ ನಿಲ್ಲಿಸಿದ್ದ. ಸುಮ್ಮನೆ ನೋಡುವುದಕ್ಕೆ ನಿಲ್ಲಿಸಿದ್ದೇವೆ, ಮಟ್ಟ ಮಾಡಿಲ್ಲ, ನಿಮ್ಮ ಜಾಗದಲ್ಲಿ ಮಾಡಿಕೊಡುತ್ತೇವೆ ಎಂದೇನೋ ಹೇಳಿದ. ಅಂಥ ಸಣ್ಣಪುಟ್ಟ ಮಾತಿಗೆಲ್ಲ ಕಿವಿಗೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಟೋಪಿಯನ್ನು ಚರಂಡಿಯ ಜಾಲರಿಯ ಮೇಲಿಟ್ಟು ಕೋಲು ಹಿಡಿದೆ.

ಬಟ್ಟೆ ದಪ್ಪ, ಸ್ವಲ್ಪ ಜುಂಗು. ಅಂಚಿನ ರಬ್ಬರು ಕಿವುಡು, ಚೆಂಡು ಹೋಗಿ ಕರೆದರೂ ಅರೆಮನಸ್ಸಿನಿಂದ ವಾಪಸು ಕಳಿಸುತ್ತದೆ. ಇದೆಲ್ಲ ನನ್ನ ಕೈಗೆ ತಿಳಿಯಿತು. ಆದರೆ ಮೊದಲ ಉದ್ದನೆಯ ಹೊಡೆತವೇ ನೆಟ್ಟಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಎಡಕ್ಕೆ ಬಾಗಿ, ಮೂಲೆಗೆ ಬಿತ್ತು. ಎರಡನೆಯದೂ ಬಿತ್ತು. ಆಮೇಲೆ ನಾನು ಲೆಕ್ಕವನ್ನೇ ಬಿಟ್ಟೆ. ಕಳೆದುಹೋದ ನೆಂಟನೊಬ್ಬ ಪರವೂರಿನಲ್ಲಿ ಹೆಗಲ ಮೇಲೆ ಕೈ ಹಾಕಿದ ಹಾಗಾಯಿತು. ಬಸ್ಸಿನವನು ಸತತವಾಗಿ ಸೋತ. ಒಂದು ಸಲ ಚೆಂಡಿನ ಹಿಂದೆಯೇ ನಡೆದು ಹೋಗಿ, ಚರಂಡಿಯನ್ನು ನೋಡಿ, ನನ್ನನ್ನು ನೋಡಿದ.

"ನೆಲ ನೋಡಿದ್ರಾ?" ಎಂದ.

ಸೋತವರು ನೆಲ ನೋಡುವುದು ಸಹಜ ಎಂದೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ವಾಪಸು ಬರುವ ದಾರಿಯಲ್ಲಿ ಇನ್ನೆರಡು ಸಲ ಹೇಳಿದೆ.

ಅಕ್ಕನ ಮುಂದೆ ಕೂತು ವರದಿ ಒಪ್ಪಿಸಿದೆ. ಬಾತು ಸೊಗಸಾಗಿದೆ ಆದರೆ ವಾಲಿದೆ, ಲಾಳ ಮಕ್ಕಳಾಟಕ್ಕೆ ಸರಿ, ಲಂಗರಿನ ಕೈಹಿಡಿತದ ಮುಂದೆ ಎರಡನ್ನೂ ನಿವಾಳಿಸಿ ಒಗೆಯಬೇಕು. ಅಕ್ಕ ಹೆಣಿಗೆಯ ಒಂದು ಸಾಲು ಮುಗಿಸಿ, "ಟೇಬಲ್ ಚೆನ್ನಾಗಿತ್ತೋ, ನೀನು ಚೆನ್ನಾಗಿ ಆಡಿದೆಯೋ?" ಎಂದು ಕೇಳಿದಳು.

ಎರಡೂ ಒಂದೇ ಅಲ್ಲವೇ ಎಂದೆ. ಅವಳು ಹೆಣಿಗೆಯ ಮುಂದಿನ ಸಾಲು ಶುರು ಮಾಡಿದಳು. ಆಮೇಲೆ, ಸರಿ, ಲಂಗರೇ ಬರಲಿ ಎಂದಳು.

ನನ್ನ ಕಸುಬಿನ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಯಾರ ಕಿವಿಯೂ ಒಂದೇ ಮಟ್ಟದಲ್ಲಿರುವುದಿಲ್ಲ. ವರ್ಷಗಟ್ಟಲೆ ಸೊಟ್ಟ ಕನ್ನಡಕ ಹಾಕಿಕೊಂಡವರು ಅದಕ್ಕೆ ತಕ್ಕಂತೆ ಕತ್ತು ಓರೆ ಮಾಡಿಕೊಂಡಿರುತ್ತಾರೆ. ನಾನು ಕಡ್ಡಿ ಬಗ್ಗಿಸಿ ನೆಟ್ಟಗೆ ಕೂರಿಸಿಕೊಟ್ಟರೆ, ಏನ್ರೀ ಇದು, ನೆಲವೆಲ್ಲ ಓರೆಯಾಗಿ ಕಾಣುತ್ತೆ, ತಲೆ ತಿರುಗುತ್ತೆ ಎಂದು ನನ್ನ ಮೇಲೇ ಹರಿಹಾಯುತ್ತಾರೆ. ಅವರಿಗೆಲ್ಲ ನಾನು ಬಹಳ ಸಮಾಧಾನದ ದನಿಯಲ್ಲಿ ಹೇಳುವುದು ಒಂದೇ ಮಾತು. ಸ್ವಲ್ಪ ದಿನ ಹಾಕ್ಕೊಂಡು ನೋಡಿ, ಅಭ್ಯಾಸ ಆಗುತ್ತೆ. ಆ ಮಾತನ್ನು ಅಷ್ಟು ಸಲ ಹೇಳಿದವನಿಗೆ ಒಂದು ಸಲವಾದರೂ ತನ್ನ ಕತ್ತಿನ ಮೇಲೆ ಅನುಮಾನ ಬರಬೇಕಿತ್ತು.

ಲಂಗರು ಬಂದ ದಿನ ಹಾಲ್‌ನಲ್ಲಿ ಬಹಳ ದಿನಗಳ ಮೇಲೆ ಜನ ಕಂಡರು. ಹೊಸ ಟೇಬಲ್ ಎಂದರೆ ಬಿಟ್ಟು ಹೋದವರಿಗೂ ಕುತೂಹಲ. ಅಜ್ಜನನ್ನು ಬಿಚ್ಚುವ ಮುಂಚೆ ಫಿಟ್ಟರ್ ಅಭ್ಯಾಸಬಲದಿಂದ ಅದರ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಬಾಗಿಲ ಕಡೆಗೆ ಓಡಿಹೋಗಿ ತುದಿ ಸೇರಿತು. ಅವನು ಬಗ್ಗಿ ನೋಡಿ, ಕಿಟಕಿ ಕಡೆಯ ಆ ಮೂಲೆಯಲ್ಲಿ ನೆಲ ಕುಸಿದಿದೆ, ಅಂಗಿಯ ಎರಡು ಗುಂಡಿ ಒಂದರ ಮೇಲೊಂದು ಇಟ್ಟಷ್ಟು ತಗ್ಗು, ಅದೂ ಇಂದು ನಿನ್ನೆಯದಲ್ಲ ಎಂದ. ಆಮೇಲೆ ತಲೆ ಎತ್ತಿ, ಇದರ ಮೇಲೆ ಯಾರು ಆಡುತ್ತಿದ್ದರು ಎಂದು ವಿಚಾರಿಸಿದ. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎಲ್ಲರೂ ಆಡುತ್ತಿದ್ದೆವು ಎಂದೆ. ದನಿ ಯಾಕೋ ಸಣ್ಣಗೆ ಬಂತು.

ಫಿಟ್ಟರ್ ಲಂಗರಿನ ಬಟ್ಟೆಯಡಿಯ ಕಲ್ಲಿನ ಹಾಸುಗಳನ್ನು ಜೋಡಿಸಿ, ಕಾಲಿನ ಬೋಲ್ಟುಗಳನ್ನು ಏರಿಸಿ ಇಳಿಸಿ, ಗುಳ್ಳೆಯನ್ನು ಮಧ್ಯಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಸಂಜೆಯಾಯಿತು. ಮೊದಲ ಆಟ ಪಂಡಿತರದ್ದು ಎಂದು ಎಲ್ಲರೂ ಕೂಗಿದರು. ಎದುರಿಗೆ ಬಸ್ಸಿನವನು. ನನ್ನ ಚೆಂಡೊಂದು ಕಿಟಕಿ ಮೂಲೆಯ ಉದ್ದನೆಯ ಹೊಡೆತಕ್ಕೆ ಹೇಳಿ ಮಾಡಿಸಿದ ಹಾಗೆ ನಿಂತಿತ್ತು. ಬಾಗಿಲ ಕಡೆ ನಿಂತೆ, ಬಲಕ್ಕೆ ಒಂದು ಚೆಂಡಿನಷ್ಟು ಬಿಟ್ಟೆ, ಮೆಲ್ಲಗೆ ತಳ್ಳಿದೆ. ಅದು ಹೋಯಿತು. ಹೋಗುತ್ತಲೇ ಇತ್ತು. ಬಾಗು ಬಾಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ಸೊಂಟವನ್ನೂ ಎಡಕ್ಕೆ ವಾಲಿಸಿದೆ. ಚೆಂಡು ನೆಟ್ಟಗೆ ಹೋಗಿ ಕಿವುಡು ರಬ್ಬರಿಗೆ ತಾಗಿ ಅಲ್ಲೇ ಕುಳಿತಿತು.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ, ದೊಡ್ಡದಾಗಿ ಹೇಳಲು ಬಸ್ಸಿನವನಿದ್ದಾನೆ. ಎಡಕ್ಕೆ ಹೊಡೆದರೆ ಎಡಕ್ಕೆ ಹೋಯಿತು, ಬಲಕ್ಕೆ ಹೊಡೆದರೆ ಬಲಕ್ಕೆ. ಇಡೀ ಆಟದಲ್ಲಿ ನನ್ನ ಒಂದೇ ಒಂದು ಚೆಂಡು ಬಿದ್ದದ್ದು, ಅದನ್ನೂ ಅಕಸ್ಮಾತ್ತಾಗಿ ಹಾಕಿದವನು ಅವನೇ. ಮೊದಲು ಜನ ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು. ರಬ್ಬರು ಸತ್ತಿದೆ, ಬಟ್ಟೆ ಕಂಬಳಿಯ ಹಾಗಿದೆ, ಇದನ್ನೇ ಯಾಕೆ ತಂದರೋ ಎಂದು ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು. ಅವಳು ತಲೆ ತಗ್ಗಿಸಿ ಹೆಣೆಯುತ್ತಲೇ ಇದ್ದಳು. ಅವಳಿಗೆ ಇದ್ದ ಒಂದೇ ಅವಕಾಶವನ್ನು ನನ್ನ ಮೂಗಿನ ನೇರಕ್ಕೆ ಅಳೆದು ಹಾಳು ಮಾಡಿದ್ದೆ. ಮನೆಗೆ ಬಂದು ಉಣ್ಣಲು ಕೂತವನು ಅರ್ಧದಲ್ಲೇ ತಟ್ಟೆ ಸರಿಸಿದೆ. ಹೆಂಡತಿ ಆ ದಿನ ತಟ್ಟೆಯ ಕಂಪನಿ ಕೇಳಲಿಲ್ಲ. ಅದರಿಂದಲೇ ಸಂಗತಿ ಎಷ್ಟು ಕೆಟ್ಟಿದೆ ಎಂದು ತಿಳಿಯಿತು.

ಮಾರನೆಯ ಬೆಳಿಗ್ಗೆ, ಹಾಲ್ ತೆರೆಯುವ ಮುಂಚೆ, ನನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದೆ. ಕೆಳಗಿನ ಟೈರ್ ಅಂಗಡಿಯಿಂದ ದೊಡ್ಡದೊಂದು ಸ್ಪ್ಯಾನರ್ ಎರವಲು ತಂದಿದ್ದೆ. ಕಿಟಕಿ ಕಡೆಯ ಎರಡು ಬೋಲ್ಟುಗಳನ್ನು ಒಂದಿಷ್ಟು ಇಳಿಸಿಬಿಟ್ಟರೆ ಲಂಗರಿಗೂ ತವರು ಬರುತ್ತದೆ, ಟೇಬಲ್ ಎಂಥದ್ದೆಂದು ಎಲ್ಲರಿಗೂ ತೋರಿಸಬಹುದು, ಅಕ್ಕನೂ ಉಳಿಯುತ್ತಾಳೆ, ಹೀಗೆ ನನ್ನ ತರ್ಕ. ಟೇಬಲ್ಲಿನ ಅಡಿ ತೂರಿ ಬೆನ್ನ ಮೇಲೆ ಮಲಗಿದೆ. ಸ್ಪ್ಯಾನರ್ ಟೈರಿನದು, ಬೋಲ್ಟಿಗೆ ಕೂರಲೇ ಇಲ್ಲ. ಜೇಬು ತಡಕಿದೆ. ಸಿಕ್ಕಿದ್ದು ಕನ್ನಡಕದ ಕಡ್ಡಿ ಬಿಗಿಮಾಡುವ ಸ್ಕ್ರೂಡ್ರೈವರ್, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ಬುದ್ಧಿ ನೆಟ್ಟಗಿದ್ದ ಯಾವ ಮನುಷ್ಯನೂ ಮಾಡುವುದಿಲ್ಲ, ನಾನು ಅದನ್ನು ಹೆಬ್ಬೆರಳು ಗಾತ್ರದ ಆ ಬೋಲ್ಟಿನ ಸಂದಿಗೆ ತುರುಕಿ ತಿರುಗಿಸಲು ನೋಡಿದೆ.

ಕಣ್ಣೆದುರು ಎರಡು ಚಪ್ಪಲಿ ಬಂದು ನಿಂತವು. ಟೈರ್ ಅಂಗಡಿಯವನು ಸ್ಪ್ಯಾನರ್ ಕೊಟ್ಟ ಕೈಯಲ್ಲೇ ಅಕ್ಕನಿಗೆ ಫೋನ್ ಮಾಡಿದ್ದ. ಏನು ಹುಡುಕುತ್ತಿದ್ದೀಯ ಎಂದು ಅಕ್ಕ ಕೇಳಿದಳು. ಅಂಗಿಯ ಗುಂಡಿ ಬಿತ್ತು ಎಂದೆ.

"ಒಂದೋ, ಎರಡೋ?" ಎಂದಳು.

ನಾನು ಹೊರಗೆ ಬರಲಿಲ್ಲ. ಬರುವ ಮುಖವಿರಲಿಲ್ಲ. ಅಕ್ಕ ಬೆಂಚಿನ ಮೇಲೆ ಕೂತದ್ದು ಸದ್ದಿನಿಂದ ಗೊತ್ತಾಯಿತು. "ನಿಮ್ಮ ಭಾವಂಗೆ ಗೊತ್ತಿತ್ತು ಕಣೋ," ಎಂದಳು.

ಆಮೇಲೆ ಅವಳು ಹೇಳಿದ್ದನ್ನು ಟೇಬಲ್ಲಿನ ಅಡಿಯಲ್ಲಿ ಮಲಗಿಯೇ ಕೇಳಿಸಿಕೊಂಡೆ. ನಾನು ಹುಡುಗನಾಗಿದ್ದಾಗ ಇಟ್ಟ ಮೊದಲ ಅಂಗಡಿ ಮುಚ್ಚಿಹೋಗಿತ್ತು. ಮನೆಗೆ ಹೋಗಲು ನಾಚಿಕೆ, ಪೇಟೆಯಲ್ಲಿ ಓಡಾಡಲು ನಾಚಿಕೆ. ಹಾಲ್‌ನ ಬೆಂಚಿನ ಮೇಲೆ ಗೋಡೆ ನೋಡುತ್ತ ದಿನ ಕಳೆಯುತ್ತಿದ್ದೆ. ಭಾವ ಒಂದು ದಿನ ನನ್ನ ಕೈಗೆ ಕೋಲು ಕೊಟ್ಟರು, ಅಷ್ಟು ನನಗೂ ನೆನಪಿತ್ತು. ಅದೇ ಕಾಲಕ್ಕೆ ಕಿಟಕಿ ಕಡೆ ನೆಲ ಕುಸಿಯಲು ಶುರುವಾಗಿತ್ತಂತೆ. ಭಾವ ಫಿಟ್ಟರ್ ಒಬ್ಬನನ್ನು ಕರೆಸಿದರಂತೆ. ಅವನು ಬಂದು ಚೀಲ ಬಿಚ್ಚುವ ಹೊತ್ತಿಗೆ ನಾನು ಆಡುತ್ತಿದ್ದೆನಂತೆ.

"'ಈ ಹುಡುಗ ಇಡೀ ದಿನದಲ್ಲಿ ತಲೆ ಎತ್ತೋದು ಆ ಮೂಲೆಗೆ ಚೆಂಡು ಬಿದ್ದಾಗ ಮಾತ್ರ. ಅದನ್ನೂ ನೆಟ್ಟಗೆ ಮಾಡಿಬಿಟ್ರೆ ಏನ್ ಮಾಡ್ತಾನೆ, ಇರಲಿ ಬಿಡು' ಅಂದ್ರು," ಎಂದಳು ಅಕ್ಕ. "ಫಿಟ್ಟರ್‌ಗೆ ಟೀ ಕುಡಿಸಿ ವಾಪಸ್ ಕಳಿಸಿಬಿಟ್ರು."

ನನ್ನ ಮುಖದ ಮೇಲೆ ಟೇಬಲ್ಲಿನ ಅಡಿಯ ಮರವಿತ್ತು. ಅದರ ಗೆರೆಗಳೆಲ್ಲ ಕಲಸಿಹೋದವು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಬೆರಳಿನಲ್ಲಿದೆ ಎಂದು ಊರಿಗೆಲ್ಲ ತೋರಿಸಿಕೊಂಡು ಓಡಾಡಿದ ಕಲೆ, ಆ ಮನುಷ್ಯ ಬಾಯಿ ಬಿಡದೆ ನನಗೆ ಉಳಿಸಿಕೊಟ್ಟಿದ್ದ ತಗ್ಗು.

ಅಕ್ಕ ಅಲ್ಲಿಗೇ ಬಿಡಲಿಲ್ಲ. ಅವಳು ಬಿಡುವವಳೂ ಅಲ್ಲ.

"ಆಮೇಲೆ ನಿನಗೆ ಅಂಗಡಿ ಆಯ್ತು, ಸಂಸಾರ ಆಯ್ತು. ಟೇಬಲ್ ಮಾತ್ರ ಹಾಗೇ ಉಳೀತು. ಬಂದೋರೆಲ್ಲ ನಿನ್ ಹತ್ರ ಸೋತು ಹೋಗೋರು. ಜನ ಎದುರಿನ ಹಾಲ್‌ಗೆ ಹೋಗಿದ್ದು ದೀಪ ನೋಡಿ ಅಲ್ಲ ಕಣೋ. ಅಲ್ಲಿ ಗೆಲ್ಲಬಹುದು ಅಂತ."

ಮತ್ತೆ ಆರಿಸುವ ಕೆಲಸವನ್ನು ನನಗೇ ಯಾಕೆ ಕೊಟ್ಟೆ ಎಂದು ಅಡಿಯಿಂದಲೇ ಕೇಳಿದೆ. ಬೇರೆ ಟೇಬಲ್ಲುಗಳ ಮೇಲೆ ಆಡಿದರೆ ನಿನಗೇ ಗೊತ್ತಾಗಬಹುದು ಅಂದುಕೊಂಡೆ ಎಂದಳು. ಯಾವುದನ್ನು ತಂದರೂ ಫಿಟ್ಟರ್ ನೆಟ್ಟಗೆ ನಿಲ್ಲಿಸುತ್ತಾನಲ್ಲ, ಅಷ್ಟು ಸಾಕಿತ್ತು ಎಂದೂ ಸೇರಿಸಿದಳು. ಅಂದರೆ ಬಾತು, ಲಾಳ, ಲಂಗರುಗಳ ಬಗ್ಗೆ ನಾನು ಒಪ್ಪಿಸಿದ ವರದಿಯ ಬೆಲೆ ಅವಳ ಹೆಣಿಗೆಯ ಒಂದು ಸಾಲಿನಷ್ಟೂ ಇರಲಿಲ್ಲ.

ಹೊರಗೆ ತೆವಳಿ ಬಂದು, ಬೆನ್ನಿನ ಧೂಳು ಕೊಡವಿಕೊಂಡೆ. ನೆಟ್ಟಗಿರುವ ಟೇಬಲ್ಲಿನ ಮೇಲೆ ನನಗೆ ತಲೆ ತಿರುಗುತ್ತದೆ, ಇನ್ನು ನಾನು ಆಡುವುದಿಲ್ಲ ಎಂದೆ. ಅಕ್ಕ ನನ್ನ ಕೈಯಿಂದ ಆ ಪುಟ್ಟ ಸ್ಕ್ರೂಡ್ರೈವರನ್ನು ತೆಗೆದುಕೊಂಡು ತನ್ನ ಮೇಜಿನ ಖಾನೆಗೆ ಹಾಕಿದಳು. ಆಮೇಲೆ ನನ್ನ ಅಂಗಡಿಯ ದನಿಯನ್ನೇ ತೆಗೆದು, "ಸ್ವಲ್ಪ ದಿನ ಹಾಕ್ಕೊಂಡು ನೋಡಿ, ಅಭ್ಯಾಸ ಆಗುತ್ತೆ," ಎಂದಳು.

ಆ ಸಂಜೆ ನಾನು ಆಡಿದೆ, ಸೋತೆ. ಮರುದಿನವೂ ಸೋತೆ. ಟೇಬಲ್ ಪಂಡಿತನನ್ನು ಈಗ ಯಾರು ಬೇಕಾದರೂ ಸೋಲಿಸಬಹುದು ಎಂಬ ಸುದ್ದಿಯನ್ನು ಬಸ್ಸಿನವನು ಬಸ್ಸು ಹೋಗುವ ಊರಿಗೆಲ್ಲ ತಲುಪಿಸಿದ. ಅವನಿಗೆ ನಾನು ಇಂದಿಗೂ ಋಣಿ, ಆದರೆ ಅವನ ಮುಂದೆ ಹೇಳುವುದಿಲ್ಲ. ನನ್ನ ಕೈಯಲ್ಲಿ ಸೋತು ಬೇಸತ್ತು ಹೋದವರೆಲ್ಲ ಹಳೆಯ ಬಾಕಿ ತೀರಿಸಲು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಗೆದ್ದವರು ಇನ್ನೊಂದು ಆಟ ಆಡಿದರು, ಗೆದ್ದದ್ದನ್ನು ತೋರಿಸಲು ಗೆಳೆಯರನ್ನು ಕರೆತಂದರು. ಲಂಗರಿನ ದಪ್ಪ ಬಟ್ಟೆ ಹೊಸಬರಿಗೆ ಒಳ್ಳೆಯದೇ ಆಯಿತು, ಚೆಂಡು ಅವರ ಕೈ ಮೀರಿ ಓಡುವುದಿಲ್ಲ. ಕಿವುಡು ರಬ್ಬರನ್ನು ಮಾತ್ರ ಅಕ್ಕ ಮುಂದೆ ಬದಲಾಯಿಸಿದಳು, ಯಾವ ಕಂಪನಿಯ ರಬ್ಬರು ಎಂದು ನನ್ನನ್ನು ಕೇಳಲಿಲ್ಲ. ಮಗಳ ಮನೆಯ ಮಾತು ಮತ್ತೆ ಬರಲಿಲ್ಲ. ಬೆಂಚುಗಳಲ್ಲಿ ಜಾಗ ಸಾಲದೆ ಕೆಳಗಿನಿಂದ ಎರಡು ಹಳೆಯ ಟೈರು ತಂದು ಹಾಕಬೇಕಾಯಿತು. ಭಾವನ ಕುರ್ಚಿಯಲ್ಲಿ ಅಕ್ಕ, ಟೈರಿನ ಮೇಲೆ ನಾನು, ನನ್ನ ಸರದಿ ಬರುವ ತನಕ.

ಈಗ ಆಗೊಮ್ಮೆ ಈಗೊಮ್ಮೆ ಗೆಲ್ಲುತ್ತೇನೆ. ಗುರಿ ನೆಟ್ಟಗೆ ಹಿಡಿಯುವುದನ್ನು ಕಲಿತೆ, ಈ ವಯಸ್ಸಿನಲ್ಲಿ. ಆದರೂ ದಣಿದ ಸಂಜೆಗಳಲ್ಲಿ ಕೈ ತನ್ನ ಹಳೆಯ ಬುದ್ಧಿ ಬಿಡುವುದಿಲ್ಲ. ಮೊನ್ನೆ ಆಟ ಸಮಸಮವಾಗಿ ನಿಂತಿತ್ತು, ಕಪ್ಪು ಚೆಂಡೊಂದೇ ಬಾಕಿ. ಬಾಗಿಲ ಕಡೆ ನಿಂತು, ನನಗೇ ತಿಳಿಯದೆ ಬಲಕ್ಕೆ ಒಂದಿಷ್ಟು ಬಿಟ್ಟು, ಮೆಲ್ಲಗೆ ತಳ್ಳಿದೆ. ಚೆಂಡು ಇಡೀ ಉದ್ದವನ್ನು ದಾಟಿ, ತವರಿನ ಬಾಯಿಗೆ ಗೇಣು ದೂರದಲ್ಲಿ ನಿಂತುಬಿಟ್ಟಿತು.

"ಭಾವ ಇದ್ದಿದ್ರೆ ಬೀಳ್ತಿತ್ತು," ಎಂದೆ.

ಪಂಡಿತರಿಗೆ ಸೋಲಲು ಮತ್ತೊಂದು ಹೊಸ ನೆಪ ಸಿಕ್ಕಿತು ಎಂದು ಬೆಂಚಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಕ್ಕ ನಗಲಿಲ್ಲ. ಹೆಣಿಗೆಯನ್ನು ಕೆಳಗಿಟ್ಟು ಕಿಟಕಿ ಕಡೆ ನೋಡುತ್ತ ಕೂತಿದ್ದಳು.